ನಗು ಯಾರ ಮೇಲೆ? ಮನೆಯಲ್ಲೇ ಕಾಮಿಕ್ಸ್ ಬರೆಯುವ ಮಕ್ಕಳಿಗೆ, ಅವರ ಹೆತ್ತವರಿಗೆ

ನಿಮ್ಮ ಮಗಳ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಎಂದಾದರೂ ತೆರೆದು ನೋಡಿದ್ದೀರಾ? ಮೊದಲ ಪುಟಗಳಲ್ಲಿ ಲೆಕ್ಕ, ವಿಜ್ಞಾನ. ಕೊನೆಯ ಪುಟಗಳಲ್ಲಿ ನಾಲ್ಕು ಚೌಕ, ಚೌಕದೊಳಗೆ ಕಡ್ಡಿ ಮನುಷ್ಯರು, ಅವರ ತಲೆಯ ಮೇಲೆ ಮಾತಿನ ಗುಳ್ಳೆ. ಸಿನಿಮಾದ ಹೀರೋ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿರುತ್ತಾನೆ. ಟಿ.ವಿ. ಧಾರಾವಾಹಿಯ ಅತ್ತೆಗೆ ಕರೆಂಟು ಬಿಲ್ಲಿನ ಚಿಂತೆ ಹತ್ತಿರುತ್ತದೆ. ಬೈದು ಪುಸ್ತಕ ಮುಚ್ಚುವ ಮೊದಲು ಒಮ್ಮೆ ಓದಿ. ನೀವೂ ನಕ್ಕುಬಿಟ್ಟರೆ ಆಶ್ಚರ್ಯವಿಲ್ಲ.

ಹೀಗೆ ತನಗೆ ಇಷ್ಟವಾದ ಸಿನಿಮಾ, ನಾಟಕ, ಕಥೆಯ ಪಾತ್ರಗಳನ್ನು ಎರವಲು ಪಡೆದು ತಾನೇ ಹೊಸ ತಮಾಷೆ ಕಟ್ಟುವುದಕ್ಕೆ ಅಭಿಮಾನಿ ಕಾಮಿಕ್ಸ್ ಎನ್ನುತ್ತಾರೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಕಂತು ಕಂತಾಗಿ ಹಾಕಿದರೆ ಅದೇ ವೆಬ್ ಕಾಮಿಕ್ಸ್. ಇದಕ್ಕೆ ಅಚ್ಚುಮನೆ ಬೇಡ, ಸಂಪಾದಕರ ಒಪ್ಪಿಗೆ ಬೇಡ. ಕಾಗದ, ಪೆನ್ಸಿಲ್, ಒಂದು ಮೊಬೈಲ್ ಸಾಕು.

2013ರಲ್ಲಿ ಈಜಿಪ್ಟಿನ ದೀನಾ ಮೊಹಮ್ಮದ್ ಎಂಬ ಹದಿಹರೆಯದ ಹುಡುಗಿ ಗೆಳತಿಯರ ನಡುವಿನ ತಮಾಷೆಯಾಗಿ ಶುರು ಮಾಡಿದ 'ಕಾಹಿರಾ' ಎಂಬ ವೆಬ್ ಕಾಮಿಕ್ಸ್ ದೇಶ ವಿದೇಶಗಳಲ್ಲಿ ಓದುಗರನ್ನು ಪಡೆಯಿತು. ಅದರ ನಾಯಕಿ ಹಿಜಾಬ್ ಧರಿಸಿದ ವೀರವನಿತೆ. 2014ರಲ್ಲಿ ಅಮೆರಿಕದ ಮಾರ್ವೆಲ್ ಕಂಪನಿ 'ಮಿಸ್ ಮಾರ್ವೆಲ್' ಹೆಸರಿನಲ್ಲಿ ಕಮಲಾ ಖಾನ್ ಎಂಬ ಮುಸ್ಲಿಂ ಹುಡುಗಿಯ ಸರಣಿ ಹೊರತಂದಿತು. ಆ ಕಮಲಾ ಕಥೆಯೊಳಗೇ ಒಬ್ಬ ಅಭಿಮಾನಿ. ತನ್ನ ಮೆಚ್ಚಿನ ವೀರರ ಬಗ್ಗೆ ತಾನೇ ಕಥೆ ಕಟ್ಟಿ ಬರೆಯುವವಳು. ಬೆಂಗಳೂರಿನ ಆರತಿ ಪಾರ್ಥಸಾರಥಿಯವರು 2014ರಲ್ಲಿ ಆರಂಭಿಸಿದ 'ರಾಯಲ್ ಎಕ್ಸಿಸ್ಟೆನ್ಷಿಯಲ್ಸ್' ಸರಣಿಯಲ್ಲಿ ಹೊಸ ಚಿತ್ರವೇ ಇಲ್ಲ. ಹಳೆಯ ಆಸ್ಥಾನದ ಚಿತ್ರಗಳಿಗೆ ಇಂದಿನ ಮಾತಿನ ಗುಳ್ಳೆ ಅಂಟಿಸಿ ಅವರು ನಗಿಸಿದರು. ಚಿತ್ರ ಬರೆಯಲು ಬಾರದು ಎಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಒಪೆರಾ ನಮಗೆ ದೂರವೇ?

ಪಶ್ಚಿಮದ ಕಾಮಿಕ್ಸ್, ಕಾರ್ಟೂನುಗಳಲ್ಲಿ ಒಪೆರಾ ಎಂಬ ಹಾಡುನಾಟಕದ ತಮಾಷೆ ಮತ್ತೆ ಮತ್ತೆ ಬರುತ್ತದೆ. ಟಿನ್‌ಟಿನ್ ಕಥೆಗಳನ್ನು ಓದಿದವರಿಗೆ ಬಿಯಾಂಕಾ ಕಾಸ್ತಾಫಿಯೋರೆ ಗೊತ್ತು. ಗೂನೊ ಎಂಬ ಸಂಗೀತಗಾರನ 'ಫೌಸ್ಟ್' ಒಪೆರಾದ ಒಡವೆಗಳ ಹಾಡನ್ನೇ ಹೋದಲ್ಲೆಲ್ಲ ಹಾಡಿ ಎಲ್ಲರ ಕಿವಿ ಮುಚ್ಚಿಸುವ ಗಾಯಕಿ ಅವಳು. 1957ರಲ್ಲಿ ಚಕ್ ಜೋನ್ಸ್ ಎಂಬ ಕಾರ್ಟೂನ್ ನಿರ್ದೇಶಕರು, ನಾಲ್ಕು ರಾತ್ರಿ ಸೇರಿ ಸುಮಾರು 15 ಗಂಟೆ ನಡೆಯುವ ವಾಗ್ನರನ 'ರಿಂಗ್' ಒಪೆರಾದ ವೀರಾವೇಶವನ್ನು ಏಳು ನಿಮಿಷದ ಬಗ್ಸ್ ಬನ್ನಿ ಚಿತ್ರದೊಳಗೆ ತುಂಬಿದರು.

'ಇದೆಲ್ಲ ಮಂಡ್ಯದವರಿಗೆ ಏಕೆ?' ಎಂದು ಕೇಳುತ್ತೀರಾ? ಕೊಂಚ ಯೋಚಿಸಿ. ಮಾತಿನ ಬದಲು ಹಾಡು, ಹಿಂದೆ ಬಣ್ಣದ ಪರದೆ, ತಲೆಗೆ ಕಿರೀಟ, ಸಾಯುವ ಹೊತ್ತಿನಲ್ಲೂ ಮೂರು ಚರಣ ಹಾಡುವ ನಾಯಕ. ಇದು ಒಪೆರಾ ಆದರೆ, ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ನಡೆಯುವ 'ಕುರುಕ್ಷೇತ್ರ' ನಾಟಕ ಮತ್ತೇನು? ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರು ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ತಿಂಗಳುಗಟ್ಟಲೆ ಹಾಡು ಕಲಿಯುತ್ತಾರೆ. ತಮ್ಮದೇ ದುಡ್ಡು ಹಾಕಿ ಪಾತ್ರ ಪಡೆಯುತ್ತಾರೆ. ಬಾಡಿಗೆ ಸೀನರಿ ಕಟ್ಟಿಸಿ ದುರ್ಯೋಧನ, ಭೀಮ ಆಗುತ್ತಾರೆ. ಒಳ್ಳೆಯ ಹಾಡಿಗೆ ಜನ 'ಒನ್ಸ್ ಮೋರ್' ಕೂಗಿದರೆ ಯುದ್ಧ ನಿಲ್ಲುತ್ತದೆ, ಹಾಡು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಈ ರಂಗದ ವಂಶಾವಳಿಯಲ್ಲಿ ನಮ್ಮ ಪಾಲೂ ಇದೆ. 1853ರ ಸುಮಾರಿಗೆ ಲಖನೌದಲ್ಲಿ ಆಗಾ ಹಸನ್ ಅಮಾನತ್ ಬರೆದ 'ಇಂದರ್ ಸಭಾ' ಎಂಬ ಉರ್ದು ಹಾಡುನಾಟಕದಲ್ಲಿ ಇಂದ್ರನೂ ಇದ್ದ, ಪರಿಗಳೂ ಇದ್ದರು. ಮುಂದೆ ಪಾರ್ಸಿ ಕಂಪನಿಗಳು ಈ ಬಗೆಯ ನಾಟಕವನ್ನು ದೇಶದುದ್ದಕ್ಕೂ ಕೊಂಡೊಯ್ದವು. ಅವುಗಳ ಪರದೆ, ಹಾಡು, ವೈಭವ ಮೈಸೂರು ಸೀಮೆಯ ಕಂಪನಿ ನಾಟಕಗಳಿಗೂ ದಾರಿ ತೋರಿಸಿದವು. ಚಂದ್ರಕಲಾ ನಾಟಕ ಮಂಡಳಿ ಕಟ್ಟಿದ ಮಹಮದ್ ಪೀರ್ ಅವರನ್ನು ಕನ್ನಡಿಗರು ಷಹಜಹಾನ್ ಆಗಿಯೂ ಮೆಚ್ಚಿದರು, ಗೌತಮ ಬುದ್ಧನಾಗಿಯೂ ಮೆಚ್ಚಿದರು. ಮಳವಳ್ಳಿಯ ಹೆಸರನ್ನು ರಂಗದ ಮೇಲೆ ಮೆರೆಸಿದವರು ನಟಿ, ಗಾಯಕಿ ಮಳವಳ್ಳಿ ಸುಂದರಮ್ಮ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಪಿಟೀಲು ವಿದ್ವಾನ್ ಚೌಡಯ್ಯನವರ ಮೊಮ್ಮಗ. ಅವರು 2018ರಲ್ಲಿ ತೀರಿಕೊಂಡರು. 2019ರಲ್ಲಿ ತೆರೆಗೆ ಬಂದ 'ಕುರುಕ್ಷೇತ್ರ' ಸಿನಿಮಾದಲ್ಲಿ ಜನ ಅವರನ್ನು ಭೀಷ್ಮನಾಗಿ ಕಂಡರು. ಸಂಗೀತ, ನಾಟಕ, ಸಿನಿಮಾ ಮೂರೂ ಇಲ್ಲಿ ಒಂದೇ ಮನೆಯ ಮಕ್ಕಳು. ತಮಾಷೆಗೆ ಸಾಮಗ್ರಿ ಹುಡುಕಿ ಬೇರೆಲ್ಲೂ ಹೋಗಬೇಕಿಲ್ಲ.

ಮೂರು ಊರು, ಮೂರು ನಗೆ

ಉದಾಹರಣೆಗೆ ಮೂರು ಕಂತು ಕಟ್ಟಿ ನೋಡೋಣ. ಪ್ರತಿಯೊಂದಕ್ಕೂ ನಾಲ್ಕೇ ಚೌಕ.

ಮೊದಲನೆಯದು ಮಂಡ್ಯದ ಕಲಾಮಂದಿರ. ವೈಶಂಪಾಯನ ಸರೋವರದ ದಡ. ದುರ್ಯೋಧನ ಹಾಡುತ್ತಿದ್ದಾನೆ, ಭೀಮ ಗದೆ ಎತ್ತಿ ನಿಂತಿದ್ದಾನೆ. ಎರಡನೇ ಚೌಕದಲ್ಲೂ ದುರ್ಯೋಧನ ಹಾಡುತ್ತಿದ್ದಾನೆ, ಭೀಮ ಗದೆ ಕೆಳಗಿಟ್ಟಿದ್ದಾನೆ. ಮೂರನೆಯದರಲ್ಲೂ ಹಾಡು ಮುಗಿದಿಲ್ಲ, ಭೀಮ ಗದೆಯ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದಾನೆ. ಕೊನೆಗೆ ಭೀಮನ ಮಾತು: 'ಅಣ್ಣೋ, ಇನ್ನೂ ಎಷ್ಟ್ ಚರಣ ಐತೆ? ಮಳವಳ್ಳಿಗೆ ಲಾಸ್ಟ್ ಬಸ್ ಹೊಂಟೋಯ್ತದೆ!'

ಎರಡನೆಯದು ಮದ್ದೂರು ರೈಲು ನಿಲ್ದಾಣ. ಒಪೆರಾ ಗಾಯಕಿ ಕಿಟಕಿಯಿಂದ ತಲೆ ಹೊರಹಾಕಿ ತಾರಸ್ಥಾಯಿಯಲ್ಲಿ ಹಾಡುತ್ತಾಳೆ, ಬೋಗಿಯ ಗಾಜು ಬಿರುಕು ಬಿಡುತ್ತದೆ. ಎರಡನೇ ಚೌಕದಲ್ಲಿ ವಡೆ ಮಾರುವವನು 'ವಡೇ... ಮದ್ದೂರ್ ವಡೇ' ಎಂದು ಅದಕ್ಕಿಂತ ಮೇಲಿನ ಸ್ವರ ಹಿಡಿಯುತ್ತಾನೆ. ಮೂರನೆಯದರಲ್ಲಿ ಇಬ್ಬರಿಗೂ ಪೈಪೋಟಿ. ಕೊನೆಯದರಲ್ಲಿ ಗಾಯಕಿಯ ಬಾಯಿ ತುಂಬ ವಡೆ. ಪಕ್ಕದ ಸೀಟಿನ ಅಜ್ಜ ಪಿಸುಗುಡುತ್ತಾನೆ: 'ಇನ್ನೆರಡು ಕೊಡಪ್ಪ, ಮೈಸೂರು ಬರೋಗಂಟ ನೆಮ್ಮದಿಯಾಗಿರ್ತೀವಿ.'

ಮೂರನೆಯದು ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ. ವಾಗ್ನರನ 'ರಿಂಗ್' ಶುರುವಾಗುವುದೇ ರೈನ್ ನದಿಯ ತಳದಲ್ಲಿ ಚಿನ್ನ ಕಾಯುವ ಮೂವರು ಜಲಕನ್ಯೆಯರಿಂದ. ಅವರು ದಾರಿ ತಪ್ಪಿ ಕಾವೇರಿಗೆ ಬಂದರೆ? ಕಡಲೆಕಾಯಿ ಮಾರುವ ಅಜ್ಜಿ ಹೇಳುತ್ತಾಳೆ: 'ಇಲ್ಲಿ ಚಿನ್ನ ಎಲ್ಲವ್ವಾ? ಇಲ್ಲಿಂದ ಹೋಗಿದ್ದು ಬರೀ ಕರೆಂಟು. ಚಿನ್ನ ಇದ್ದದ್ದು ಕೋಲಾರದಲ್ಲಿ.' ಇದು ಸುಳ್ಳಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಸುಮಾರು 150 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ. ಮೂರನೇ ಚೌಕದಲ್ಲಿ ಜಲಕನ್ಯೆಯರು ಬಸ್ ಹತ್ತುತ್ತಾರೆ. ನಾಲ್ಕನೆಯದರಲ್ಲಿ ಗಣಿಯ ಬಾಗಿಲಲ್ಲಿ ಗಡ್ಡ ಬಿಟ್ಟ ರಾಕಿ ಭಾಯ್: 'ಗಣಿ 2001ರಲ್ಲೇ ಮುಚ್ಚೋಯ್ತು. ಈಗ ಚಿನ್ನ ಬೇಕಂದ್ರೆ ಥಿಯೇಟರ್‌ಗೆ ಹೋಗಿ.'

ಗಮನಿಸಿ, ಗಗನಚುಕ್ಕಿಯ ಇತಿಹಾಸ ಗೊತ್ತಿಲ್ಲದಿದ್ದರೆ ಮೂರನೆಯ ತಮಾಷೆ ಹುಟ್ಟುತ್ತಿರಲಿಲ್ಲ. ಹಾಡು ಎಷ್ಟು ಹೊತ್ತು ಎಳೆಯುತ್ತದೆ ಎಂಬುದನ್ನು ಕುಳಿತು ಕೇಳದವರಿಗೆ ಮೊದಲನೆಯದು ಹೊಳೆಯುತ್ತಿರಲಿಲ್ಲ. ಒಳ್ಳೆಯ ನಗೆ ಬರುವುದು ತಿಳಿವಳಿಕೆಯಿಂದ, ಪ್ರೀತಿಯಿಂದ. ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಫ್ರಾನ್ಸಿನ ಮೋಲಿಯೇರನ ನಗೆನಾಟಕವನ್ನು 'ಆಷಾಢಭೂತಿ'ಯಾಗಿಸಿ ನಮ್ಮ ನೆಲದ್ದೇ ಮಾಡಿದ್ದು ಹೀಗೆಯೇ.

ನಗು ಯಾರ ಮೇಲೆ?

ಇಲ್ಲಿಗೆ ಮುಖ್ಯ ಪ್ರಶ್ನೆ ಬಂತು. 'ಕುರುಕ್ಷೇತ್ರ' ನಮ್ಮ ನೆರೆಹೊರೆಯವರಿಗೆ ಬರೀ ನಾಟಕವಲ್ಲ, ಅದರಲ್ಲಿ ಅವರ ಭಕ್ತಿಯಿದೆ. ಮುಸ್ಲಿಂ ಮನೆಯ ಹುಡುಗಿಯೊಬ್ಬಳು ಅದರ ಮೇಲೆ ತಮಾಷೆ ಬರೆದರೆ ಸರಿಯೇ? ಹೆತ್ತವರ ಎದೆ ಡವಗುಟ್ಟುವುದು ಇಲ್ಲಿಯೇ. ಒಂದು ತಪ್ಪು ಫಾರ್ವರ್ಡ್ ಸಾಕು, ಬೀದಿಯ ನೆಮ್ಮದಿ ಕೆಡಲು. ಹಾಗೆಂದು ಮಕ್ಕಳ ಬಾಯಿ ಮುಚ್ಚಿಸುವುದೇ ಪರಿಹಾರವಲ್ಲ. ಜೊತೆಗೆ ನಗುವುದು ಯಾವುದು, ಗೇಲಿ ಯಾವುದು ಎಂದು ಕಲಿಸುವುದು ಪರಿಹಾರ.

ಗೇಲಿಗೆ ಒಳಗಾಗುವುದು ಹೇಗಿರುತ್ತದೆಂದು ತಿಳಿಯಲು ಒಪೆರಾದಿಂದಲೇ ಒಂದು ಉದಾಹರಣೆ ನೋಡಿ. 1782ರಲ್ಲಿ ಮೊಜಾರ್ಟ್ ವಿಯೆನ್ನಾದಲ್ಲಿ ರಂಗಕ್ಕೆ ತಂದ 'ಅಂತಃಪುರದಿಂದ ಅಪಹರಣ' ಎಂಬ ಒಪೆರಾ ನಡೆಯುವುದು ತುರ್ಕಿ ಪಾಷಾನೊಬ್ಬನ ಅರಮನೆಯಲ್ಲಿ. ಅಲ್ಲಿನ ಕಾವಲುಗಾರ ಓಸ್ಮಿನ್ ಮಾತೆತ್ತಿದರೆ ತಲೆ ತೆಗೆಯುತ್ತೇನೆ ಎನ್ನುವವನು. ಅವನಿಗೆ ಉಪಾಯದಿಂದ ಮದ್ಯ ಕುಡಿಸಿ ಬೀಳಿಸುವ ದೃಶ್ಯಕ್ಕೆ ಸಭಿಕರು ನಗುತ್ತಾರೆ. ಮುಸ್ಲಿಮನೆಂದರೆ ಇಷ್ಟೇ ಎಂಬ ಆ ನಗುವಿಗೆ ನಾವು ಜೊತೆಗೂಡಬಲ್ಲೆವೇ? ಆದರೆ ಅದೇ ಒಪೆರಾದಲ್ಲಿ ಪಾಷಾ ಸೆಲೀಮನೂ ಇದ್ದಾನೆ. ಸೆರೆ ಸಿಕ್ಕವನು ತನ್ನ ಬದುಕನ್ನೇ ಹಾಳು ಮಾಡಿದ ಶತ್ರುವಿನ ಮಗ ಎಂದು ತಿಳಿದ ಮೇಲೂ ಅವನು ಎಲ್ಲರನ್ನೂ ಬಿಟ್ಟು ಕಳಿಸುತ್ತಾನೆ. ಓಸ್ಮಿನ್‌ನಿಂದ ಆದ ನೋವಿಗೆ ಸೆಲೀಮ್ ಮದ್ದಾಗುತ್ತಾನೆ.

ಒಂದು ಜನ ಇನ್ನೊಂದು ಜನವನ್ನು ಗೇಲಿ ಮಾಡಬಾರದು, ಅಡ್ಡಹೆಸರಿನಿಂದ ಹಂಗಿಸಬಾರದು ಎಂಬುದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಬೋಧನೆ. ಕಾಮಿಕ್ಸ್ ಬರೆಯುವವರಿಗೆ ಇದಕ್ಕಿಂತ ಉತ್ತಮ ಪಾಠ ಇನ್ನೊಂದಿಲ್ಲ. ನಗು ಜಾರಿದ ಮೀಸೆಯ ಮೇಲಿರಲಿ, ಕೆಟ್ಟ ಮೈಕಿನ ಮೇಲಿರಲಿ, ಮುಗಿಯದ ಚರಣದ ಮೇಲಿರಲಿ. ದೇವರ ಮೇಲೆ, ನಂಬಿಕೆಯ ಮೇಲೆ, ಜಾತಿಯ ಮೇಲೆ, ಮೈಬಣ್ಣ ಮೈಕಟ್ಟಿನ ಮೇಲೆ ಬೇಡ.

ಹೊರಗೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಆ ಪಾತ್ರಧಾರಿಯ ಕೈಗೇ ಕೊಟ್ಟರೆ ಅವರೂ ನಗುತ್ತಾರೆಯೇ? ನಮ್ಮ ಮನೆಯ ಮೇಲೆ ಇಂಥದ್ದೇ ಬಂದರೆ ನಾವು ನಗುತ್ತೇವೆಯೇ? ನಾಲ್ಕರಲ್ಲಿ ಒಂದೇ ಚೌಕವನ್ನು ಕತ್ತರಿಸಿ ಯಾರೋ ಹಂಚಿದರೆ ಅದರ ಅರ್ಥ ಕೆಡುತ್ತದೆಯೇ? ಮೂರನೆಯದಕ್ಕೆ 'ಹೌದು' ಎಂಬ ಉತ್ತರ ಬಂದರೆ ಆ ಚೌಕವನ್ನು ಬದಲಿಸಿ.

ಪೆನ್ಸಿಲ್ ಹಿಡಿದ ಮೇಲೆ

ಮೊದಲು ಮಾತು ಬರೆಯಿರಿ, ಆಮೇಲೆ ಚಿತ್ರ. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಗುಳ್ಳೆ ಬರೆದು ಮಾತು ತುರುಕಲು ಹೋದರೆ ಅಕ್ಷರ ಉಸಿರುಗಟ್ಟುತ್ತದೆ. ಮೊದಲು ಮಾತಾಡುವವರ ಗುಳ್ಳೆ ಎಡಕ್ಕೆ, ಮೇಲಕ್ಕೆ ಇರಲಿ. ಒಂದು ಗುಳ್ಳೆಗೆ ಹತ್ತು ಪದ ದಾಟದಿದ್ದರೆ ಚೆನ್ನ. ನಗು ಕೊನೆಯ ಚೌಕದ ಕೊನೆಯ ಮಾತಿನಲ್ಲಿರಲಿ. ಆ ಬಳಿಕ ವಿವರಣೆ ಬೇಡ.

ಭಾಷೆ ಮನೆಯದ್ದೇ ಆಗಿರಲಿ. ಬೀದಿಯಲ್ಲಿ ಮಂಡ್ಯದ 'ಏನ್ಲಾ', ಒಳಗೆ ದಾದಿಯ 'ನಕ್ಕೋ'. ಈ ಎರಡು ಮಾತು ಒಂದೇ ಚೌಕದಲ್ಲಿ ಎದುರಾದರೆ ಅರ್ಧ ತಮಾಷೆ ಆದಂತೆಯೇ. ಮುಖ ಬಿಡಿಸುವುದು ಬೇಡ ಎನ್ನುವ ಹಿರಿಯರು ಮನೆಯಲ್ಲಿದ್ದರೆ ವಸ್ತುಗಳನ್ನೇ ಪಾತ್ರ ಮಾಡಿ. ಮುನಿಸಿಕೊಂಡ ಹಾರ್ಮೋನಿಯಂ, ಜಂಬದ ಕಿರೀಟ, ಬಡಪಾಯಿ ಮೈಕು ಸಾಲದೇ?

ಕಾಗದದ ಮೇಲೆ ಬರೆದು ಹಗಲು ಬೆಳಕಿನಲ್ಲಿ ಫೋಟೋ ತೆಗೆದರೂ ಸಾಕು. ಕಂಪ್ಯೂಟರ್ ಇದ್ದರೆ 'ಕ್ರಿಟಾ' ಎಂಬ ಉಚಿತ ತಂತ್ರಾಂಶವಿದೆ. ಅಕ್ಷರಕ್ಕೆ 'ಬಾಲೂ ತಮ್ಮ' ಎಂಬ ಉಚಿತ ಕನ್ನಡ ಫಾಂಟ್ ದುಂಡಗೆ, ದಪ್ಪಗೆ ಇದ್ದು ಕಾಮಿಕ್ಸಿಗೆ ಒಪ್ಪುತ್ತದೆ.

ಎರವಲು ಪಡೆದ ಪಾತ್ರಗಳ ವಿಷಯದಲ್ಲಿ ಎಚ್ಚರವಿರಲಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕ ತೀರಿಕೊಂಡ ನಂತರವೂ 60 ವರ್ಷ ಅವನ ಕೃತಿಗೆ ಹಕ್ಕಿರುತ್ತದೆ. ಟಿನ್‌ಟಿನ್ ಬರೆದ ಎರ್ಜೆ ತೀರಿಕೊಂಡದ್ದು 1983ರಲ್ಲಿ. ಮೊಜಾರ್ಟ್, ವಾಗ್ನರ್ ಎಲ್ಲರ ಸೊತ್ತು. ಆದ್ದರಿಂದ ಹೊಸಬರ ಚಿತ್ರವನ್ನು ನಕಲು ತೆಗೆಯಬೇಡಿ, ಮಾರಬೇಡಿ, ಮೂಲದ ಹೆಸರು ಹೇಳಿ. ಹತ್ತು ಕಂತು ಆಗುವಷ್ಟರಲ್ಲಿ ನಿಮ್ಮದೇ ಪಾತ್ರ ಹುಟ್ಟುತ್ತದೆ, ಆಗ ಎರವಲಿನ ಹಂಗೂ ತಪ್ಪುತ್ತದೆ.

ಹೆತ್ತವರೇ, ಮಗಳು ಸ್ವಂತ ಹೆಸರಿನ ಬದಲು ಒಂದು ಕಾವ್ಯನಾಮ ಇಟ್ಟುಕೊಳ್ಳಲಿ. ಫೋಟೋ, ಶಾಲೆಯ ಹೆಸರು, ಮನೆಯ ವಿಳಾಸ ಹಾಕದಿರಲಿ. ಕಂತಿನ ಮೊದಲ ಓದುಗರು ನೀವಾಗಿ. ಅರ್ಥವಾಗದಿದ್ದರೆ ಕೇಳಿ, ನೋಯಿಸುವಂತಿದ್ದರೆ ಏಕೆಂದು ಹೇಳಿ, ಚೆನ್ನಾಗಿದ್ದರೆ ಮನಸಾರೆ ನಕ್ಕುಬಿಡಿ. ಮುಂದಿನ ಬಾರಿ ಊರಿನಲ್ಲಿ 'ಕುರುಕ್ಷೇತ್ರ' ನಡೆದಾಗ ಮಗಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ನೋಡಿ. ನಾಟಕ ಮುಗಿದ ಮೇಲೆ ದುರ್ಯೋಧನನ ಪಾತ್ರ ಮಾಡಿದವರಿಗೆ ಅವಳ ನಾಲ್ಕು ಚೌಕ ತೋರಿಸಿ. ಅವರು ನಕ್ಕು, 'ಇನ್ನೊಂದು ಬರಿ ಮಗಾ' ಎಂದರೆ ಅವಳ ಕಾಮಿಕ್ಸ್ ಗೆದ್ದಿತೆಂದೇ ತಿಳಿಯಿರಿ.