ಹೊರಾಂಗಣ ನೆಲಹಾಸು

ಹೊರಾಂಗಣ ನೆಲಹಾಸು ಎಂದರೆ ಅಂಗಳ, ಹಿತ್ತಿಲು, ಕೈತೋಟದ ಕಾಲುದಾರಿ, ತೆರೆದ ಜಗಲಿ ಮೊದಲಾದ ಸೂರಿಲ್ಲದ ಜಾಗಗಳಲ್ಲಿ ಹಾಸುವ ಟೈಲು, ಕಲ್ಲುಚಪ್ಪಡಿ ಅಥವಾ ಸಿಮೆಂಟ್ ಬಿಲ್ಲೆಗಳ ಹೊದಿಕೆ. ಮನೆಯೊಳಗಿನ ನೆಲಕ್ಕೆ ಅಂದ ಮತ್ತು ಒರೆಸುವ ಸೌಕರ್ಯ ಮುಖ್ಯವಾದರೆ, ಹೊರಗಿನ ನೆಲವು ಮಳೆ, ಬಿಸಿಲು, ಪಾಚಿಗಳನ್ನು ತಾಳಿಕೊಳ್ಳಬೇಕು. ಒದ್ದೆಯಾದಾಗಲೂ ಕಾಲು ಜಾರದಂತಿರಬೇಕು. ಆದುದರಿಂದ ಒಳಾಂಗಣದ ನುಣುಪಾದ ಟೈಲು ಹೊರಾಂಗಣಕ್ಕೆ ಸಲ್ಲುವುದಿಲ್ಲ.

ಹಿನ್ನೆಲೆ

ಕರ್ನಾಟಕದ ಹಳ್ಳಿಮನೆಗಳ ಅಂಗಳ ಬಹುಕಾಲ ಸಗಣಿ ಸಾರಿಸಿದ ಮಣ್ಣಿನದಾಗಿತ್ತು. ಕರಾವಳಿ ಹಾಗೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಂಗಳದಲ್ಲಿ ಅಡಕೆಯ ಸೋಗೆ ಹರಡುವ ರೂಢಿಯಿತ್ತು. ಮಣ್ಣು ಕೊಚ್ಚಿಹೋಗುವುದನ್ನೂ ಪಾಚಿಯ ಮೇಲೆ ಕಾಲು ಜಾರುವುದನ್ನೂ ಅದು ತಡೆಯುತ್ತಿತ್ತು. ಟೈಲು ಹಾಸಿದ ಅಂಗಳಕ್ಕೆ ಸೋಗೆ ಹರಡುವವರಿಲ್ಲ. ಆ ಕೆಲಸವನ್ನು ಟೈಲಿನ ಮೇಲ್ಮೈಯೇ ಮಾಡಬೇಕಾಗುತ್ತದೆ.

ಜಾರುವಿಕೆಯ ಅಳತೆ

ವಯಸ್ಸಾದವರಲ್ಲಿ ಸೊಂಟದ ಕೀಲಿನ ಮೂಳೆ ಮುರಿಯಲು ಮುಖ್ಯ ಕಾರಣ ಜಾರಿಯೋ ಎಡವಿಯೋ ಬೀಳುವುದು. ಹೀಗಾಗಿ ಹೊರಾಂಗಣದ ಟೈಲನ್ನು ಆರಿಸುವಾಗ ಬಣ್ಣಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಜಾರುವಿಕೆಯನ್ನು. ಇದಕ್ಕೆ ಜರ್ಮನಿಯಲ್ಲಿ ರೂಪುಗೊಂಡ ಅಳತೆಯೊಂದು ವ್ಯಾಪಕ ಬಳಕೆಯಲ್ಲಿದೆ. ಎಣ್ಣೆ ಸವರಿದ ಟೈಲಿನ ಇಳಿಜಾರಿನಲ್ಲಿ ಪಾದರಕ್ಷೆ ತೊಟ್ಟ ವ್ಯಕ್ತಿ ನಡೆಯುತ್ತಿರುವಂತೆ ಓರೆಯನ್ನು ಹೆಚ್ಚಿಸುತ್ತ ಹೋಗಿ, ಎಷ್ಟು ಕೋನದಲ್ಲಿ ಹೆಜ್ಜೆ ನಿಲ್ಲದಾಗುತ್ತದೆ ಎಂಬುದನ್ನು ಗುರುತಿಸುತ್ತಾರೆ. ಅದರಂತೆ ಟೈಲುಗಳಿಗೆ ಆರ್ 9ರಿಂದ ಆರ್ 13ರವರೆಗೆ ದರ್ಜೆ ನೀಡಲಾಗುತ್ತದೆ. ಆರ್ 9 ದರ್ಜೆಗೆ 6ರಿಂದ 10 ಡಿಗ್ರಿ ಸಾಕು. ಆರ್ 11 ದರ್ಜೆಗೆ 19 ಡಿಗ್ರಿಗಿಂತ ಹೆಚ್ಚಿನ ಓರೆಯಲ್ಲಿ ಹೆಜ್ಜೆ ನಿಲ್ಲಬೇಕು. ಮಳೆಗೆ ಒಡ್ಡಿದ ಜಾಗಕ್ಕೆ ಸಾಮಾನ್ಯವಾಗಿ ಆರ್ 11 ಅಥವಾ ಅದಕ್ಕೂ ಮೇಲಿನ ದರ್ಜೆಯನ್ನು ಸೂಚಿಸುತ್ತಾರೆ. ಬರಿಗಾಲಿನ ನಡಿಗೆಗೆ, ಅಂದರೆ ಈಜುಕೊಳ, ಸ್ನಾನಘಟ್ಟಗಳಿಗೆ, ಎ, ಬಿ, ಸಿ ಎಂಬ ಬೇರೆಯೇ ದರ್ಜೆಗಳಿವೆ.

ಪೆಟ್ಟಿಗೆಯ ಮೇಲೆ ಬರಿದೆ ‘ಆಂಟಿ ಸ್ಕಿಡ್’ ಎಂದು ಅಚ್ಚಾಗಿದ್ದರೆ ಸಾಲದು, ದರ್ಜೆಯನ್ನು ಕೇಳಬೇಕು. ಅಂಗಡಿಯವರಲ್ಲಿ ಉತ್ತರವಿಲ್ಲದಿದ್ದರೆ ಮಾದರಿಯ ಮೇಲೆ ನೀರು ಚೆಲ್ಲಿ ಪಾದದಿಂದ ಉಜ್ಜಿ ನೋಡುವುದು ಒಂದು ಒರಟು ಪರೀಕ್ಷೆ. ಹಾಗೆಂದು ಒರಟುತನ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ತೀರ ತರಿತರಿಯಾದ ಮೇಲ್ಮೈಯಲ್ಲಿ ಮಣ್ಣು ಕೂತು ಪಾಚಿ ಹಿಡಿಯುತ್ತದೆ, ಪಾಚಿ ಕಟ್ಟಿದ ಮೇಲೆ ಯಾವ ದರ್ಜೆಯೂ ಕಾಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ.

ನೀರು ಹೀರುವಿಕೆ

ತನ್ನ ತೂಕದ ಶೇಕಡ 0.5ಕ್ಕಿಂತ ಹೆಚ್ಚು ನೀರು ಹೀರದ ಟೈಲಿಗೆ ಪಾರ್ಸಲೇನ್ ಅಥವಾ ವಿಟ್ರಿಫೈಡ್ ಎಂಬ ಹೆಸರಿದೆ. ಗೋಡೆಗೆಂದೇ ತಯಾರಾಗುವ ಸೆರಾಮಿಕ್ ಟೈಲು ಶೇಕಡ 10ಕ್ಕೂ ಹೆಚ್ಚು ಹೀರುವುದರಿಂದ ಅದನ್ನು ಹೊರಗಿನ ನೆಲಕ್ಕೆ ಬಳಸಬಾರದು. ಹಿಮ ಬೀಳುವ ದೇಶಗಳಲ್ಲಿ ಟೈಲಿನೊಳಗಿನ ನೀರು ಹೆಪ್ಪುಗಟ್ಟಿ ಸುಮಾರು ಶೇಕಡ 9ರಷ್ಟು ಹಿಗ್ಗುವುದರಿಂದ ಟೈಲೇ ಸೀಳುತ್ತದೆ. ಕರ್ನಾಟಕದಲ್ಲಿ ಆ ಭಯವಿಲ್ಲ. ಇಲ್ಲಿನ ತೊಂದರೆ ಪಾಚಿ, ಕಲೆ ಮತ್ತು ಬಿಳಿಯಾಗಿ ಒಸರುವ ಉಪ್ಪು.

ಕಲ್ಲು, ಮಣ್ಣು ಮತ್ತು ಸಿಮೆಂಟ್

ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ಪದರಪದರವಾಗಿ ಏಳುವುದರಿಂದ ಇದನ್ನು ಚಪ್ಪಡಿಯಾಗಿಸುವುದು ಸುಲಭ, ಬೆಲೆಯೂ ಕಡಿಮೆ. ಹೊರಗೆ ಹಾಸಲು ಪಾಲಿಶ್ ಮಾಡದ ಕಲ್ಲೇ ಒಳ್ಳೆಯದು. ಆಮ್ಲವು ಸುಣ್ಣಕಲ್ಲನ್ನು ಕೊರೆಯುವುದರಿಂದ ಇದನ್ನು ಆಸಿಡ್ ಹಾಕಿ ತೊಳೆಯಬಾರದು. ಗ್ರಾನೈಟ್ ಇದಕ್ಕಿಂತ ಗಟ್ಟಿ. ಇಳಕಲ್ಲಿನ ಕೆಂಪು ಗ್ರಾನೈಟ್ ಪ್ರಸಿದ್ಧವಾದದ್ದು. ಬೆಂಕಿಯ ಜ್ವಾಲೆ ಹಾಯಿಸಿ ಮೇಲ್ಮೈಯ ಹರಳುಗಳನ್ನು ಸಿಡಿಸಿ ಒರಟಾಗಿಸಿದ ಗ್ರಾನೈಟ್ ಮಳೆಯಲ್ಲೂ ಜಾರುವುದಿಲ್ಲ.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯೊಂದಿಗೆ ಬೆಳೆದ ಹೆಂಚಿನ ಉದ್ಯಮವು ನೆಲದ ಬಿಲ್ಲೆಗಳನ್ನೂ ತಯಾರಿಸಿತು. ಈ ಸುಟ್ಟಮಣ್ಣಿನ ಬಿಲ್ಲೆಗಳು ಕಣ್ಣಿಗೆ ತಂಪು. ಆದರೆ ನೀರು ಹೀರುವುದರಿಂದ ನೆರಳಿನಲ್ಲಿ ಬೇಗ ಪಾಚಿ ಕಟ್ಟುತ್ತವೆ. ಬಯಲಿನ ಅಂಗಳಕ್ಕಿಂತ ಮಾಡಿನಡಿಯ ಜಗಲಿಗೆ ಹೆಚ್ಚು ಒಪ್ಪುತ್ತವೆ.

‘ಇಂಟರ್‌ಲಾಕ್’ ಎಂದೇ ಕರೆಯಲಾಗುವ ಸಿಮೆಂಟ್ ಬಿಲ್ಲೆಗಳನ್ನು ಮರಳಿನ ಹಾಸಿನ ಮೇಲೆ ಜೋಡಿಸುತ್ತಾರೆ. ಅವುಗಳ ಸಂದಿಯಿಂದ ಮಳೆನೀರಿನ ಒಂದು ಪಾಲು ಭೂಮಿಗೆ ಇಳಿಯುತ್ತದೆ, ಒಡೆದ ಬಿಲ್ಲೆಯೊಂದನ್ನೇ ಕಿತ್ತು ಬದಲಿಸಬಹುದು.

ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಕಪ್ಪು ಬಣ್ಣದ ಹಾಸಿನ ಮೇಲೆ ಮಧ್ಯಾಹ್ನ ಬರಿಗಾಲಿಡಲಾಗದು. ಅಲ್ಲಿ ತಿಳಿಬಣ್ಣ ಮೇಲು.

ಹಾಸುವ ಕ್ರಮ

ನೆಲವು ಮನೆಯ ಗೋಡೆಯಿಂದ ಹೊರಮುಖವಾಗಿ, ಪ್ರತಿ ಮೀಟರಿಗೆ 1ರಿಂದ 2 ಸೆಂಟಿಮೀಟರಿನಷ್ಟು ಇಳಿಜಾರಾಗಿರಬೇಕು. ಟೈಲಿನ ಅಡಿಯಲ್ಲಿ ಗಾರೆ ಪೂರ್ತಿ ತುಂಬಿರಬೇಕು; ಪೊಳ್ಳು ಉಳಿದ ಕಡೆ ನೀರು ನಿಂತು, ಭಾರ ಬಿದ್ದಾಗ ಟೈಲು ಒಡೆಯುತ್ತದೆ. ಬಿಸಿಲಿಗೆ ಹಿಗ್ಗುವುದರಿಂದ ಟೈಲುಗಳನ್ನು ಒಂದಕ್ಕೊಂದು ತಾಗಿಸಿ ಕೂರಿಸದೆ ನಡುವೆ ಸಂದಿ ಬಿಡಬೇಕು. ಮರಗಳ ಬುಡದ ಸುತ್ತ ಹಾಸು ಹಾಕದೆ ಮಣ್ಣನ್ನು ತೆರೆದಿಡುತ್ತಾರೆ. ಬೇರಿಗೆ ನೀರು ಸಿಗಲು ಇದು ಅಗತ್ಯ. ಕಾಂಡಕ್ಕೆ ಒತ್ತಿ ಹಾಸಿದ ಟೈಲನ್ನು ಬೇರು ಕೆಲವೇ ವರ್ಷಗಳಲ್ಲಿ ಮೇಲೆತ್ತಿಬಿಡುತ್ತದೆ.