ಖೋ ಬಿದ್ದವರದೇ ನಾಯಕತ್ವ

2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಮಣಿಸಿದರು. ತಂಡದ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗ್ಳೆ. ಪಂದ್ಯಶ್ರೇಷ್ಠೆ ಎನಿಸಿಕೊಂಡವರು ಮಾತ್ರ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ. ಕೊನೆಯ ಟರ್ನ್‌ನಲ್ಲಿ ಅವರಿದ್ದ ಓಟಗಾರ್ತಿಯರ ಬ್ಯಾಚ್ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಸಿಕ್ಕಿಬೀಳದೆ ಓಡಿ ಹೆಚ್ಚುವರಿ ಅಂಕ ತಂದಿತು.

ಹಾಗಾದರೆ ತಂಡವನ್ನು ನಡೆಸಿದವರು ಯಾರು?

ನಂಜನಗೂಡು, ನರಸೀಪುರದ ಶಾಲಾ ಮೈದಾನಗಳಲ್ಲಿ ಆಡಿದವರಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಬಹುದು. ಸಾಂಪ್ರದಾಯಿಕ ಆಟದಲ್ಲಿ ಎಂಟು ಮಂದಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗುತ್ತಾರೆ. ನಡುಗೆರೆ ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಕಂಬ ತಲುಪುವ ತನಕ ಬದಲಿಸುವಂತಿಲ್ಲ. ಓಡುವವಳು ಸಾಲಿನ ಆಚೆಗೆ ನುಸುಳಿದಳೆಂದರೆ ಕಂಬ ಸುತ್ತಿ ಹೋಗಬೇಕು, ಇಲ್ಲವೇ ಕೂತವಳ ಬೆನ್ನು ಮುಟ್ಟಿ ಖೋ ಕೊಡಬೇಕು. ಯಾರಿಗೆ, ಯಾವಾಗ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸಬೇಕು. ಆಗ ನಾಯಕಿ ಬೇರೆ ದಿಕ್ಕಿಗೆ ಮುಖ ಮಾಡಿ ಕೂತಿರಬಹುದು. ಅವರನ್ನು ಕೇಳಿಕೊಂಡು ಖೋ ಕೊಡಲು ಸಮಯವೆಲ್ಲಿ?

ಬೆಲ್ಜಿಯಂನ ಸಂಶೋಧಕಿ ಕತ್ರಿನ್ ಫ್ರಾನ್ಸೆನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ತಂಡವನ್ನು ನಡೆಸುವುದು ಕ್ಯಾಪ್ಟನ್ ಒಬ್ಬರೇ ಅಲ್ಲ ಎಂಬುದನ್ನೇ. ಒಂಬತ್ತು ಆಟಗಳ 4,451 ಆಟಗಾರರು ಮತ್ತು ಕೋಚ್‌ಗಳನ್ನು ಅವರು ವಿಚಾರಿಸಿದರು. ತಂತ್ರ ಹೇಳುವುದು, ಹುರಿದುಂಬಿಸುವುದು, ಮೈದಾನದಾಚೆ ಒಗ್ಗಟ್ಟು ಕಾಯುವುದು, ಹೊರಗಿನವರ ಮುಂದೆ ತಂಡದ ಪರ ನಿಲ್ಲುವುದು: ಈ ನಾಲ್ಕರಲ್ಲೂ ಕ್ಯಾಪ್ಟನ್ನೇ ಮುಂದು ಎಂದವರು ಶೇ 1ರಷ್ಟು. ಒಂದರಲ್ಲೂ ಅಲ್ಲ ಎಂದವರು ಶೇ 44.

ಕೋಚ್ ವಿಷಯಕ್ಕೆ ಬಂದರೆ, ಭಾರತ ಮೂಲದ ವಿದ್ವಾಂಸ ಪಿ. ಚೆಲ್ಲದುರೈ ಅವರ ಹೆಸರು ಬರುತ್ತದೆ. 1980ರಲ್ಲಿ ಅವರು ಸಹೋದ್ಯೋಗಿಯೊಬ್ಬರ ಜೊತೆ ರೂಪಿಸಿದ ಅಳತೆಗೋಲಿನಲ್ಲಿ ತರಬೇತಿ, ಆಟಗಾರರ ಅಭಿಪ್ರಾಯ ಕೇಳುವುದು, ತಾನೇ ತೀರ್ಮಾನಿಸುವುದು, ಕಷ್ಟಸುಖ ವಿಚಾರಿಸುವುದು, ಬೆನ್ನು ತಟ್ಟುವುದು ಎಲ್ಲವೂ ಇವೆ. ಸಂದರ್ಭ ಮತ್ತು ಆಟಗಾರರು ಬಯಸುವುದಕ್ಕೆ ಕೋಚ್‌ನ ನಡೆ ಹೊಂದಿದಷ್ಟೂ ಫಲ ಚೆನ್ನ ಎಂಬುದು ಅವರ ವಾದ. ನಮ್ಮ ಪಿ.ಟಿ. ಮೇಷ್ಟ್ರ ಗದರಿಕೆಯನ್ನೂ ಹೀಗೇ ಅಳೆಯಬೇಕು. ಕೂರುವ ಭಂಗಿ, ಎದ್ದು ಚಿಮ್ಮುವ ರೀತಿ ಕಲಿಸುವಾಗ ಅದು ನಡೆಯುತ್ತದೆ; ಪಂದ್ಯದ ನಡುವೆ ಗೆರೆಯಾಚೆಯಿಂದ ಕೂಗಿದರೆ, ಮಾತು ಮುಟ್ಟುವಷ್ಟರಲ್ಲಿ ಓಡುವವಳು ಕಂಬ ದಾಟಿರುತ್ತಾಳೆ.

ಫ್ರಾನ್ಸೆನ್ ಪಟ್ಟಿಯ ನಾಲ್ಕನೆಯ ಕೆಲಸ, ಅಂದರೆ ಹೊರಗಿನವರ ಮುಂದೆ ತಂಡದ ಪರ ನಿಲ್ಲುವುದು, ನಮ್ಮಲ್ಲಿ ಗೆಲುವಿನ ಬೆನ್ನಿಗೇ ಎದುರಾಯಿತು. ಮೈಸೂರು ಜಿಲ್ಲೆಯವರೇ ಆದ ಮುಖ್ಯಮಂತ್ರಿ ಸಿದ್ದರಾಮಯ್ಯ ಚೈತ್ರಾ ಅವರಿಗೂ ಭಾರತದ ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಡುವುದು ಇದರ ಎಷ್ಟೋ ಪಟ್ಟು ಎಂದು ಇಬ್ಬರೂ ಆ ಹಣವನ್ನು ನಿರಾಕರಿಸಿದರು. ಇಬ್ಬರಲ್ಲಿ ಯಾರೂ ತಂಡದ ಕ್ಯಾಪ್ಟನ್ ಆಗಿರಲಿಲ್ಲ.