ಗಾಲಿಮನೆಗೆ ಮನೆಯ ವಿದ್ಯುತ್ತು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೋಟಾರು ವಾಹನದ ಹಿಂದೆ ಗಾಲಿಮನೆಯೊಂದನ್ನು ಕಟ್ಟಿಕೊಂಡು ದೇಶ ಸುತ್ತುವ ಪದ್ಧತಿ ಬಹಳ ಪ್ರಚಾರದಲ್ಲಿದೆ. ಇದಕ್ಕೆ ಅಲ್ಲಿ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಹಾಸಿಗೆ, ಒಲೆ, ಸ್ನಾನದ ಕೋಣೆ ಎಲ್ಲವೂ ಅದರೊಳಗೇ ಅಡಕವಾಗಿರುತ್ತವೆ. ಟೆಕ್ಸಾಸ್, ಅರಿಜೋನ ಮೊದಲಾದ ಕಡೆ ಬೇಸಗೆಯ ಬಿಸಿಲಿಗೆ ಇದು ಕಾದ ಬಾಣಲೆಯಂತಾಗುವುದರಿಂದ ಚಾವಣಿಯ ಮೇಲೆ ಹವಾನಿಯಂತ್ರಕವೊಂದನ್ನು ಕೂರಿಸಿರುತ್ತಾರೆ. ಪ್ರವಾಸಿಗಳ ಬೀಡುಗಳಲ್ಲಿ ಇಂತಹ ಗಾಲಿಮನೆಗೆಂದೇ 30 ಆಂಪಿಯರಿನ ಸಾಕೆಟ್ಟು ಇರುತ್ತದೆ. ಆದರೆ ಸ್ವಂತ ಮನೆಯ ಅಂಗಳದಲ್ಲಿ ನಿಂತಾಗ ದೊರೆಯುವುದು 15 ಅಥವಾ 20 ಆಂಪಿಯರಿನ ಸಾಮಾನ್ಯ ಸಾಕೆಟ್ಟು ಮಾತ್ರ. ಗಾಲಿಮನೆಯ ಪ್ಲಗ್ಗನ್ನು ಅದಕ್ಕೆ ಹೊಂದಿಸಿಕೊಡುವ ಅಡಾಪ್ಟರು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಪ್ಲಗ್ಗು ಹೊಂದಿದ ಮಾತ್ರಕ್ಕೆ ವಿದ್ಯುತ್ಪ್ರವಾಹವೂ ಹೊಂದೀತೆ? ಇದನ್ನು ನಾವೀಗ ವಿಚಾರ ಮಾಡೋಣ.

ಅಲ್ಲಿನ ಮನೆಗಳ ಸಾಕೆಟ್ಟಿನಲ್ಲಿರುವ ವಿದ್ಯುದೊತ್ತಡ 120 ವೋಲ್ಟ್. ಗಾಲಿಮನೆಯ ಸಾಮಾನ್ಯ ಹವಾನಿಯಂತ್ರಕವು ಗಂಟೆಗೆ 13,500 ಬ್ರಿಟಿಷ್ ಉಷ್ಣಮಾನಗಳಷ್ಟು, ಎಂದರೆ ಸುಮಾರು 4 ಕಿಲೋವ್ಯಾಟ್ ದರದಲ್ಲಿ, ಶಾಖವನ್ನು ಹೊರದೂಡಬಲ್ಲುದು. ಇದಕ್ಕಾಗಿ ಅದು ಸುಮಾರು 13 ಆಂಪಿಯರ್ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಹೊರಗಿನ ಸೆಕೆ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಹದಿಮೂರು ಹದಿನೈದಕ್ಕಿಂತ ಕಡಿಮೆಯಷ್ಟೆ ಎಂದು ಸಮಾಧಾನ ಪಡುವಂತಿಲ್ಲ. ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಎಡೆಬಿಡದೆ ಹರಿಯುವ ಪ್ರವಾಹವು ವಿದ್ಯುನ್ಮಂಡಲದ ಸಾಮರ್ಥ್ಯದಲ್ಲಿ ನೂರಕ್ಕೆ 80ನ್ನು ಮೀರಬಾರದೆಂಬುದು ಆ ದೇಶದ ವಿದ್ಯುತ್ ಸಂಹಿತೆಯ ಸಾಮಾನ್ಯ ನಿಯಮ. ಹೀಗೆ 15 ಆಂಪಿಯರಿನ ಮಂಡಲಕ್ಕೆ ಮಿತಿ 12. 20 ಆಂಪಿಯರಿನದಕ್ಕೆ 16.

ಚಾಲನೆಯ ಕ್ಷಣವು ಇನ್ನೂ ಕಠಿನವಾದುದು. ಸಂಪೀಡಕದ ಮೋಟಾರು ತಿರುಗುತ್ತಿರುವಾಗ ಅದರೊಳಗೆ ಹುಟ್ಟುವ ಎದುರೊತ್ತಡವು ಪ್ರವಾಹವನ್ನು ತಡೆಹಿಡಿಯುತ್ತದೆ. ನಿಂತಿರುವ ಮೋಟಾರಿನಲ್ಲಿ ಈ ತಡೆಯಿಲ್ಲ. ಆದುದರಿಂದ ಅದು ಹೊರಡುವಾಗ, ಸೆಕೆಂಡಿನ ಒಂದು ಅಂಶದಷ್ಟು ಕಾಲ, ಪ್ರವಾಹವು 60 ಆಂಪಿಯರಿಗೂ ಏರುವುದುಂಟು.

ಮನೆಗೂ ಗಾಲಿಮನೆಗೂ ನಡುವೆ ತೋಟದ ಕೆಲಸಕ್ಕೆ ಬಳಸುವ ತೆಳುವಾದ ತಂತಿಯನ್ನು ಎಳೆದಿದ್ದಾರೆಂದು ಭಾವಿಸೋಣ. ಅದರ ತಾಮ್ರದ ಎಳೆಯ ವ್ಯಾಸ 1.3 ಮಿಲಿಮೀಟರಿನ ಘನತಂತಿಗೆ ಸಮ. ಉದ್ದ 30 ಮೀಟರ್. ಪ್ರವಾಹವು ಹೋಗಿ ಬರಬೇಕಾದುದರಿಂದ ಲೆಕ್ಕಕ್ಕೆ 60 ಮೀಟರ್. ಅದರ ರೋಧ ಸುಮಾರು 0.8 ಓಮ್. ಪ್ರವಾಹವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲೇ 10 ವೋಲ್ಟ್ ನಷ್ಟವಾಗುವುದು ತಿಳಿಯುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 135 ವ್ಯಾಟ್. ಇಷ್ಟೂ ತಂತಿಯಲ್ಲಿ ಶಾಖವಾಗುತ್ತದೆ. ತಂತಿಯನ್ನು ಸುರುಳಿ ಸುತ್ತಿಟ್ಟಿದ್ದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಮೋಟಾರು ಹೊರಡುವಾಗಲಂತೂ ಅದಕ್ಕೆ ದೊರೆಯುವುದು ಸ್ಥೂಲವಾಗಿ 86 ವೋಲ್ಟ್. ತಿರುಗಿಸುವ ಬಲವು ಒತ್ತಡದ ವರ್ಗವನ್ನು ಅನುಸರಿಸುವುದರಿಂದ ಅದು ಅರ್ಧಕ್ಕೆ ಇಳಿಯುತ್ತದೆ. ಮೋಟಾರು ತಿರುಗಲಾರದೆ ಗುಂಯ್ಗುಟ್ಟುತ್ತ ನಿಂತು, ಭಾರಿ ಪ್ರವಾಹವನ್ನು ಕುಡಿಯುತ್ತ ಬಿಸಿಯೇರುತ್ತದೆ. ತಂತಿಯ ವ್ಯಾಸವನ್ನು ಇಮ್ಮಡಿ ಮಾಡಿದರೆ ಅಡ್ಡಕೊಯ್ತದ ಕ್ಷೇತ್ರ ನಾಲ್ಮಡಿಯಾಗಿ ರೋಧವು ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ನಷ್ಟ 3 ವೋಲ್ಟಿಗೂ ಕಡಿಮೆ, ಶಾಖ ಸುಮಾರು 34 ವ್ಯಾಟ್.

ಇಷ್ಟೆಲ್ಲ ಆದರೂ ಸರ್ಕಿಟ್ ಬ್ರೇಕರು ಕಾಪಾಡುವುದಿಲ್ಲವೆ? ಬ್ರೇಕರಿನೊಳಗಿನ ದ್ವಿಲೋಹದ ಪಟ್ಟಿಯು ಪ್ರವಾಹದಿಂದ ಕಾದು ಬಾಗಿದಾಗ ಮಂಡಲ ಕಡಿದುಹೋಗುತ್ತದೆ. ಕಾಯಲು ಹೊತ್ತು ಹಿಡಿಯುವುದರಿಂದ ಕ್ಷಣಕಾಲದ 60 ಆಂಪಿಯರನ್ನು ಅದು ಸಹಿಸುತ್ತದೆ; ಮೋಟಾರು ಹೊರಡದೆ ನಿಂತರೆ ಮಾತ್ರ ಕೆಲವು ಸೆಕೆಂಡುಗಳಲ್ಲಿ ಕಡಿಯುತ್ತದೆ. ಆದರೆ ಬ್ರೇಕರಿಗೆ ತಿಳಿಯುವುದು ತನ್ನ ಮೂಲಕ ಹರಿಯುವ ಪ್ರವಾಹವೊಂದೇ. ಹಳೆಯ ಸಾಕೆಟ್ಟಿನ ಹಿಡಿ ಸಡಿಲವಾಗಿ, ಪ್ಲಗ್ಗು ತಗಲುವಲ್ಲಿ 0.1 ಓಮಿನಷ್ಟು ರೋಧ ಹುಟ್ಟಿದೆಯೆನ್ನೋಣ. 13 ಆಂಪಿಯರಿಗೆ ಅಲ್ಲಿ ಹುಟ್ಟುವ ಶಾಖ 17 ವ್ಯಾಟ್. ರೇಡಿಯೊ ತಂತಿಗಳನ್ನು ಬೆಸೆಯುವ ಸಣ್ಣ ಬೆಸುಗೆ ಕಡ್ಡಿಯ ಬಲವೂ ಸುಮಾರು ಇಷ್ಟೇ. ಅದನ್ನು ಪ್ಲಗ್ಗಿನೊಳಗೆ ಹುದುಗಿಸಿ ರಾತ್ರಿಯೆಲ್ಲ ಉರಿಸಿದರೆ ಏನಾದೀತು? ಪ್ಲಾಸ್ಟಿಕ್ಕು ಕರಗಬಹುದು, ಬೆಂಕಿ ಹೊತ್ತಬಹುದು. ಪ್ರವಾಹ 15ನ್ನು ಮೀರದಿರುವುದರಿಂದ ಬ್ರೇಕರು ಸುಮ್ಮನಿರುತ್ತದೆ. ಗಾಲಿಮನೆಯಲ್ಲಿ ಮಲಗಿದವರಿಗೂ ಇದರ ಸುಳಿವಿರುವುದಿಲ್ಲ.

ಪರಿಹಾರಗಳು ಈ ಲೆಕ್ಕದಿಂದಲೇ ಹೊರಡುತ್ತವೆ. ಸಾಕೆಟ್ಟು 20 ಆಂಪಿಯರಿನದಾಗಿದ್ದು, ಅದೇ ಮಂಡಲದಲ್ಲಿ ಬೇರೆ ಉಪಕರಣವಿರಬಾರದು. ತಂತಿ ದಪ್ಪವಾಗಿಯೂ ಗಿಡ್ಡವಾಗಿಯೂ ಇರಬೇಕು. ಅದನ್ನು ಪೂರ್ತಿ ಬಿಚ್ಚಿ ಹಾಸಬೇಕು. ಅನೇಕ ಗಾಲಿಮನೆಗಳಲ್ಲಿ ಶೀತಪೆಟ್ಟಿಗೆ, ನೀರು ಕಾಯಿಸುವ ಪಾತ್ರೆಗಳನ್ನು ಅನಿಲದಿಂದಲೂ ನಡೆಸಬಹುದಾದುದರಿಂದ ಹವಾನಿಯಂತ್ರಕ ನಡೆಯುವಾಗ ಹಾಗೆಯೇ ಮಾಡತಕ್ಕದ್ದು. ಸಾಫ್ಟ್ ಸ್ಟಾರ್ಟರ್ ಎಂಬ ಉಪಕರಣವು ಹೊರಡುವಾಗಿನ ಪ್ರವಾಹವನ್ನು ತಗ್ಗಿಸುತ್ತದೆ. ನಡೆಯುವಾಗಿನ 13 ಆಂಪಿಯರನ್ನು ಅದು ತಗ್ಗಿಸದು. ಅರ್ಧ ಗಂಟೆಯ ಬಳಿಕ ಪ್ಲಗ್ಗನ್ನು ಮುಟ್ಟಿ ನೋಡಬೇಕು. ಕೈಗೆ ಬಿಸಿ ತಾಕಿದರೆ ಹವಾನಿಯಂತ್ರಕವನ್ನು ನಿಲ್ಲಿಸುವುದೇ ಸರಿ. ಪದೇ ಪದೇ ಬೇಕಾಗುವುದಾದರೆ ವಿದ್ಯುತ್ ಕೆಲಸಗಾರನಿಂದ 30 ಆಂಪಿಯರಿನ ಪ್ರತ್ಯೇಕ ಸಾಕೆಟ್ಟನ್ನೇ ಹಾಕಿಸಿಕೊಳ್ಳುವುದು ಉತ್ತಮ.

ನಮ್ಮ ದೇಶದ ಮನೆಗಳಲ್ಲಿ ಒತ್ತಡ 230 ವೋಲ್ಟ್. ಅಷ್ಟೇ ಕೆಲಸಕ್ಕೆ ಇಲ್ಲಿ ಸುಮಾರು ಅರ್ಧದಷ್ಟು ಪ್ರವಾಹ ಸಾಕು. ಅದೇ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು ಕಾಲು ಭಾಗ. ಆದರೂ 16 ಆಂಪಿಯರಿನ ಪ್ಲಗ್ಗನ್ನು 6 ಆಂಪಿಯರಿನ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರುಗಳು ನಮ್ಮ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಅವು ಬದಲಾಯಿಸುವುದು ಪ್ಲಗ್ಗಿನ ಆಕಾರವನ್ನು ಮಾತ್ರ. ಗೋಡೆಯೊಳಗಿನ ತಂತಿಯ ದಪ್ಪವನ್ನಲ್ಲ. ಅಂತಹುದನ್ನು ಕೈಗೆತ್ತಿಕೊಳ್ಳುವ ಮುನ್ನ ಉಪಕರಣದ ಮೇಲಿನ ಆಂಪಿಯರನ್ನು ಓದಿ, ವರ್ಗ ಮಾಡಿ, ರೋಧದಿಂದ ಗುಣಿಸಿ ನೋಡುವುದು ವಿಜ್ಞಾನ ಓದುವ ನಮ್ಮೆಲ್ಲರಿಗೂ ಸಾಧ್ಯವಾದ ಕೆಲಸ.